ಹಳೇ ಕಟ್ ವಜ್ರದ ಉಂಗುರ: ವಯಸ್ಸು ಯಾವುದು, ಪೆಟ್ಟು ಯಾವುದು

ಹಳೇ ವಜ್ರದ ಹರಳನ್ನು ಮೇಲಿನಿಂದ ನೇರವಾಗಿ ನೋಡಿದರೆ ನಟ್ಟನಡುವೆ ಒಂದು ದುಂಡನೆಯ ಚುಕ್ಕೆ ಕಾಣುತ್ತದೆ. ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ, ಅಜ್ಜಿಯ ಕಾಲದ ಉಂಗುರವನ್ನೋ ಮೂಗುಬಟ್ಟನ್ನೋ ಅಂಗಡಿಗೆ ಒಯ್ದಾಗ ಎಷ್ಟೋ ಸಲ ಮೊದಲ ಮಾತು ಬರುವುದೇ ಈ ಚುಕ್ಕೆಯ ಮೇಲೆ: "ಅಕ್ಕಾರ, ಹರಳಿನ ನಡುವ ತೂತ ಐತ್ರಿ. ಇದಕ್ಕ ರೇಟ್ ಬರೂದಿಲ್ಲ." ಅದು ತೂತಲ್ಲ. ಕೆಳತುದಿ ಚೂಪಾಗಿದ್ದರೆ ತಗಲಿ ಒಡೆದೀತು ಎಂದು ಹಿಂದಿನ ಕುಶಲಿಗರು ಅದನ್ನು ಬೇಕೆಂದೇ ಉಜ್ಜಿ ಚಪ್ಪಟೆ ಮಾಡುತ್ತಿದ್ದರು. ಆ ಪುಟ್ಟ ಚಪ್ಪಟೆ ಮುಖಕ್ಕೆ ಕ್ಯೂಲೆಟ್ ಎನ್ನುತ್ತಾರೆ. ಅಲ್ಲಿ ಬಿದ್ದ ಬೆಳಕು ಕಣ್ಣಿಗೆ ಮರಳದೆ ನೇರವಾಗಿ ಕೆಳಗೆ ಹೋಗುವುದರಿಂದ ಅಷ್ಟು ಜಾಗ ಕಪ್ಪಾಗಿ ಕಾಣುತ್ತದೆ, ಅಷ್ಟೇ.

ಹಳೇ ಕಟ್ ವಜ್ರ ಕೊಳ್ಳುವವರಿಗೂ, ಮನೆಯಲ್ಲಿರುವ ಹರಳಿನಿಂದ ಹೊಸ ಉಂಗುರ ಮಾಡಿಸುವವರಿಗೂ ಬೇಕಾದ ತಿಳಿವಳಿಕೆಯ ಬಹುಪಾಲು ಇಲ್ಲೇ ಇದೆ. ಹರಳಿನಲ್ಲಿ ಕಾಣುವುದರಲ್ಲಿ ಯಾವುದು ಅದರ ಕಾಲದ ಕೈಕೆಲಸ, ಯಾವುದು ಆಮೇಲೆ ಬಿದ್ದ ಪೆಟ್ಟು ಎಂದು ಬೇರೆ ಮಾಡಬೇಕು. ಅಂಗಡಿಯಲ್ಲಿ ಎರಡೂ ಕಡೆ ತಪ್ಪು ನಡೆಯುತ್ತದೆ. ಕೊಳ್ಳುವಾಗ ಕೈಕೆಲಸವನ್ನೇ ದೋಷವೆಂದು ತೋರಿಸಿ ಬೆಲೆ ಇಳಿಸುತ್ತಾರೆ. ಮಾರುವಾಗ ನಿಜವಾದ ಬಿರುಕನ್ನೂ "ಹಳೇ ಮಾಲು, ಹಂಗ ಇರತೈತ್ರಿ" ಎಂದು ದಾಟಿಸುತ್ತಾರೆ.

ಹಳೇ ಹರಳುಗಳ ಆಕಾರಕ್ಕೆ ಕಾರಣ ಗೊತ್ತಿದ್ದರೆ ಗುರುತಿಸುವುದು ಸುಲಭ. ವಜ್ರ ಗಣಿಯಲ್ಲಿ ಸಿಗುವುದು ಹೆಚ್ಚಾಗಿ ಎಂಟು ಮುಖದ ಹರಳಾಗಿ, ಎರಡು ಪಿರಮಿಡ್‌ಗಳ ಬುಡ ಸೇರಿಸಿಟ್ಟ ರೂಪದಲ್ಲಿ. ಅದನ್ನು ಕೊಯ್ಯುವ ಯಂತ್ರದ ಗರಗಸ ಬಂದದ್ದು 1900ರ ಸುಮಾರಿಗೆ. ಅದಕ್ಕೂ ಮೊದಲು ಸೀಳಬೇಕಿತ್ತು, ಇಲ್ಲವೇ ವಜ್ರದ ಪುಡಿಯಿಂದಲೇ ಉಜ್ಜಿ ಸವೆಸಬೇಕಿತ್ತು. ಸವೆಸಿದ್ದೆಲ್ಲ ನಷ್ಟವಾದ್ದರಿಂದ ಮೇಲಿನ ತುದಿಯನ್ನು ಸ್ವಲ್ಪವೇ ತೆಗೆದು ಟೇಬಲ್ ಎಂಬ ಚಿಕ್ಕ ಚಪ್ಪಟೆ ಮುಖ ಮಾಡುತ್ತಿದ್ದರು, ಎತ್ತರವನ್ನು ಹಾಗೇ ಉಳಿಸುತ್ತಿದ್ದರು. ಮೂಲೆಗಳನ್ನು ತುಸು ದುಂಡಗಾಗಿಸಿ ಚೌಕದ ಆಕಾರವನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತಿದ್ದರು. ಹೀಗಾಗಿ ದಿಂಬಿನಾಕಾರ, ಎತ್ತರದ ಹೆಗಲು, ಆಳದ ಹೊಟ್ಟೆ. ಓಲ್ಡ್ ಮೈನ್ ಕಟ್ ಎಂದರೆ ಇದು. 1867ರ ನಂತರ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿ, ಬ್ರೆಜಿಲ್‌ನ ಗಣಿಗಳು 'ಹಳೇ ಗಣಿ' ಎನಿಸಿಕೊಂಡಾಗ ಈ ಹೆಸರು ಅಂಟಿತು. 1870ರ ದಶಕದಲ್ಲಿ ಹರಳನ್ನು ತಿರುಗಿಸುತ್ತ ಅಂಚು ದುಂಡಗೆ ಮಾಡುವ ಯಂತ್ರ ಬಂದ ಮೇಲೆ ಪೂರ್ತಿ ದುಂಡನೆಯ ಓಲ್ಡ್ ಯುರೋಪಿಯನ್ ಕಟ್ ರೂಢಿಗೆ ಬಂತು. ಅದರ ಕಾಲ ಸುಮಾರಾಗಿ 1890ರಿಂದ 1930. ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಬೆಳಕಿನ ಲೆಕ್ಕ ಹಾಕಿ ಮೇಲಿನ ಕೋನ 34.5 ಡಿಗ್ರಿ, ಕೆಳಗಿನದು 40.75 ಡಿಗ್ರಿ ಇರಬೇಕೆಂದ ಮೇಲೆ ಕಟ್ ನಿಧಾನವಾಗಿ ಈಗಿನ ರೂಪದತ್ತ ಸರಿಯಿತು. ನಡುವಿನ ಎರಡು ದಶಕದ ಹರಳುಗಳನ್ನು ಟ್ರಾನ್ಸಿಷನಲ್ ಎಂದು ಕರೆಯುತ್ತಾರೆ. ಸಣ್ಣ ಹರಳುಗಳಲ್ಲಿ ಟೇಬಲ್ ಬಿಟ್ಟರೆ ಮೇಲೆ ಎಂಟು, ಕೆಳಗೆ ಎಂಟು ಮುಖ ಮಾತ್ರ ಇರುವುದು ಸಿಂಗಲ್ ಕಟ್.

ಇವೆಲ್ಲಕ್ಕಿಂತ ಹಿಂದಿನವು ಪೋಲ್ಕಿ ಮತ್ತು ರೋಸ್ ಕಟ್. ಪೋಲ್ಕಿ ಎಂದರೆ ಕಟ್ ಮಾಡದೆ ಮೈಯಷ್ಟೇ ನಯಗೊಳಿಸಿದ ತೆಳು ವಜ್ರ. ಹಿಂದೆ ಬೇಗಡೆ ಇಟ್ಟು, ಸುತ್ತ ಅಪ್ಪಟ ಚಿನ್ನದ ತಗಡು ಒತ್ತಿ ಕುಂದಣ ಕೆಲಸದಲ್ಲಿ ಕೂರಿಸುತ್ತಾರೆ. ರೋಸ್ ಕಟ್‌ಗೆ ಕೆಳಗೆ ಚಪ್ಪಟೆ ತಳ, ಮೇಲೆ ತ್ರಿಕೋನ ಮುಖಗಳ ಗುಮ್ಮಟ; ಪೂರ್ಣ ರೂಪದಲ್ಲಿ 24 ಮುಖ. ಇವೆರಡಕ್ಕೂ ಬೆಳಕನ್ನು ತಿರುಗಿಸಿ ಮೇಲೆ ಕಳಿಸುವ ಆಳದ ಹೊಟ್ಟೆ ಇಲ್ಲ. ಹೊಳಪಿನಲ್ಲಿ ಬಹುಪಾಲು ಹಿಂದಿನ ಬೇಗಡೆಯದು. "ಹಿಂದೆ ಓಪನ್ ಮಾಡಿ ಮಾಡರ್ನ್ ಉಂಗುರ ಮಾಡಿಕೊಡ್ರಿ" ಎಂದು ಪತ್ತಾರರಿಗೆ ಹೇಳುವ ಮುಂಚೆ ಇದನ್ನು ನೆನಪಿಡಬೇಕು. ಬೇಗಡೆ ತೆಗೆದ ಪೋಲ್ಕಿ ಕೈಬೆರಳ ಮೇಲೆ ಗಾಜಿನ ಚೂರಿನಂತೆ ಸಪ್ಪೆಯಾಗಿ ಕೂರುತ್ತದೆ. ಮುಚ್ಚಿದ ಬೆನ್ನಿನ ಒಡವೆಯನ್ನು ನೀರಲ್ಲಿ ನೆನೆಸಲೂ ಬಾರದು. ಸಂದಿಯಿಂದ ನೀರು ಇಳಿದರೆ ಬೇಗಡೆ ಕಪ್ಪಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ವಿಜಯಪುರದ ಕಡೆಯವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಹದಿನೇಳನೇ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೇ ತಾನು ಮೊದಲು ನೋಡಿದ ವಜ್ರದ ಗಣಿ ವಿಜಯಪುರದ ಸುಲ್ತಾನರ ಸೀಮೆಯಲ್ಲಿತ್ತು ಎಂದು ಬರೆದಿದ್ದಾನೆ. ಅವನು ರಾವೊಲ್ಕೊಂಡ ಎಂದ ಆ ಜಾಗವನ್ನು ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟ ಎಂದು ಗುರುತಿಸಿದ್ದಾರೆ. ವಿಜಯಪುರದಿಂದ ಎಂಟೊಂಬತ್ತು ದಿನದ ದಾರಿ ಎಂಬುದು ಅವನ ಲೆಕ್ಕ. ಅಲ್ಲಿನ ಕುಶಲಿಗರು ನಿರ್ಮಲವಾದ ಹರಳನ್ನು ಚಕ್ರಕ್ಕೆ ಸ್ವಲ್ಪವೇ ತಾಗಿಸಿ ತೂಕ ಉಳಿಸುತ್ತಿದ್ದರು, ಕಲೆಯಿದ್ದರೆ ಮೈತುಂಬ ಸಣ್ಣ ಸಣ್ಣ ಮುಖ ಕೊರೆದು ಕಲೆಯನ್ನು ಮರೆಸುತ್ತಿದ್ದರು ಎಂದೂ ಹೇಳುತ್ತಾನೆ. ಹಳೇ ಹರಳಿನಲ್ಲಿ ಒಂದು ಮೂಲೆಯಲ್ಲಿ ಮಾತ್ರ ಲೆಕ್ಕಕ್ಕೆ ಸಿಗದ ಹೆಚ್ಚುವರಿ ಮುಖಗಳು ಕಂಡರೆ ಲೂಪ್ ಎಂಬ ಸಣ್ಣ ಭೂತಗನ್ನಡಿಯನ್ನು ಅಲ್ಲೇ ನಿಲ್ಲಿಸಿ ನೋಡುವುದು ಇಂದಿಗೂ ಒಳ್ಳೆಯ ಅಭ್ಯಾಸ. ಆದರೆ ಈ ಇತಿಹಾಸವನ್ನು ಹಿಡಿದುಕೊಂಡು ಪ್ರತಿ ಹಳೇ ಹರಳಿಗೂ ದಕ್ಖನಿನ ಹಳೇ ಗಣಿಗಳ ವಜ್ರಕ್ಕಿರುವ 'ಗೋಲ್ಕೊಂಡ' ಎಂಬ ಹೆಸರು ಹಚ್ಚಿ ಬೆಲೆ ಕಟ್ಟುವುದು ಸರಿಯಲ್ಲ. ವ್ಯಾಪಾರದಲ್ಲಿ ಆ ಹೆಸರು ನಿಲ್ಲುವುದು ಸಾರಜನಕವೇ ಇಲ್ಲದಂತಿರುವ ಟೈಪ್ 2ಎ ವಜ್ರಗಳ ಮೇಲೆ, ಅದನ್ನು ತೀರ್ಮಾನಿಸುವುದು ಲ್ಯಾಬಿನ ಯಂತ್ರ. ನಮ್ಮ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು, ಒಳ್ಳೆಯ ಹರಳಿಗೆ ಮುಂಬಯಿ ಪೇಟೆಯೇ ದಾರಿ. ಇಲ್ಲಿನ ಮನೆಗಳ ಹಳೇ ವಜ್ರಗಳಲ್ಲಿ ಆಫ್ರಿಕಾದ ಗಣಿಯದ್ದೂ ಇರುತ್ತವೆ. ದಕ್ಷಿಣದ ಹಳೇ ಸರಾಫರು ಹೆಮ್ಮೆಯಿಂದ ಹೇಳುವ 'ಬ್ಲೂ ಜಾಗರ್' ಎಂಬ ವಜ್ರವೂ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನದೇ.

ಈಗ ನೋಡುವ ಕೆಲಸ. ಮೊದಲು ಹರಳು ಶುಚಿಯಾಗಿರಬೇಕು. ವಜ್ರಕ್ಕೆ ಜಿಡ್ಡು ಹಿಡಿಯುವ ಗುಣ ಜಾಸ್ತಿ. ತಲೆಗೆಣ್ಣೆ, ಅರಿಶಿನ, ಹಿಟ್ಟು ಸೇರಿ ಹಿಂಬದಿಯಲ್ಲಿ ಕೂತರೆ ಎಂಥ ಹರಳೂ ಮಂಕು. ಬೆನ್ನು ತೆರೆದ ಒಡವೆಯಾದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಹತ್ತು ನಿಮಿಷ ನೆನೆಸಿ, ಮಕ್ಕಳ ಮೆತ್ತನೆ ಬ್ರಷ್‌ನಿಂದ ಕೆಳಗಿನಿಂದ ಉಜ್ಜಿದರೆ ಸಾಕು. ಆಮೇಲೆ ಹತ್ತು ಪಟ್ಟಿನ ಲೂಪ್. ಲೂಪನ್ನು ಕಣ್ಣಿಗೆ ತಾಗಿಸಿ ಹಿಡಿದು, ಹರಳನ್ನು ಸುಮಾರು ಒಂದು ಇಂಚು ದೂರಕ್ಕೆ ತರಬೇಕು. ಎರಡೂ ಕೈ ಒಂದಕ್ಕೊಂದು ಆನಿಕೊಂಡಿದ್ದರೆ ನೋಟ ಅಲುಗುವುದಿಲ್ಲ.

ಮೊದಲು ಪಕ್ಕದಿಂದ ನೋಡಿ. ಈಗಿನ ದುಂಡು ವಜ್ರದಲ್ಲಿ ಗರ್ಡಲ್‌ನಿಂದ ಟೇಬಲ್‌ವರೆಗಿನ ಎತ್ತರ ವ್ಯಾಸದ ನೂರಕ್ಕೆ 15ರ ಆಸುಪಾಸು. ಹಳೆಯದರಲ್ಲಿ 20 ದಾಟಿದರೂ ಅಚ್ಚರಿಯಿಲ್ಲ. ಗರ್ಡಲ್ ಎಂದರೆ ಹರಳಿನ ಸೊಂಟ. ಹಳೆಯದರಲ್ಲಿ ಅದು ಪಾಲಿಶ್ ಇಲ್ಲದೆ ತರಿತರಿಯಾಗಿ, ಉಜ್ಜಿದ ಗಾಜಿನಂತೆ ಬಿಳುಪಾಗಿರುತ್ತದೆ. ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಸುತ್ತಲೂ ಸಣ್ಣ ಸಣ್ಣ ಮುಖ ಕೊರೆದ, ಒಂದೇ ದಪ್ಪದ, ಕನ್ನಡಿಯಂಥ ಸೊಂಟವಿದ್ದರೆ ಅದು ಹಳೇ ನಮೂನೆಯಲ್ಲಿ ಹೊಸದಾಗಿ ಕಟ್ ಮಾಡಿದ ಹರಳೆಂಬ ಗುಮಾನಿ ಬರಬೇಕು.

ಮೇಲಿನಿಂದ ನೋಡುವಾಗ ಗಮನ ಇಡಬೇಕಾದದ್ದು ಟೇಬಲ್ ಎಷ್ಟು ಚಿಕ್ಕದು, ಮತ್ತು ಕ್ಯೂಲೆಟ್ ಸುತ್ತಲಿನ ಎಸಳುಗಳು ಎಷ್ಟು ಅಗಲ. ಕೆಳಭಾಗದಲ್ಲಿ ಗರ್ಡಲ್‌ನಿಂದ ತುದಿಯತ್ತ ಹೋಗುವ ಜೋಡಿ ಮುಖಗಳು ಹಳೇ ಕಟ್‌ನಲ್ಲಿ ಗಿಡ್ಡ, ಅದರಿಂದ ನಡುವಿನ ಮುಖಗಳು ಅಗಲವಾಗಿ ಹೂವಿನೆಸಳಿನ ಚಿತ್ರ ಮೂಡುತ್ತದೆ. ಹೊಸ ಕಟ್‌ನಲ್ಲಿ ಅವೇ ಉದ್ದವಾಗಿ, ಚಿತ್ರ ತೆಳು ಬಾಣದಂತಾಗುತ್ತದೆ. ವಜ್ರ ಪರೀಕ್ಷಿಸಿ ವರದಿ ಕೊಡುವ ಜಿಐಎ ಲ್ಯಾಬ್ ದುಂಡು ಹರಳನ್ನು ಓಲ್ಡ್ ಯುರೋಪಿಯನ್ ಎಂದು ಬರೆಯಲು ನಾಲ್ಕು ಗುರುತು ಇಟ್ಟುಕೊಂಡಿದೆ: ಟೇಬಲ್ ವ್ಯಾಸದ ನೂರಕ್ಕೆ 53 ಅಥವಾ ಕಡಿಮೆ, ಕ್ರೌನ್ ಅಂದರೆ ಮೇಲ್ಭಾಗದ ಕೋನ 40 ಡಿಗ್ರಿ ಅಥವಾ ಹೆಚ್ಚು, ಕೆಳಗಿನ ಜೋಡಿ ಮುಖಗಳ ಉದ್ದ ನೂರಕ್ಕೆ 60 ಅಥವಾ ಕಡಿಮೆ, ಕ್ಯೂಲೆಟ್ 'ಸ್ವಲ್ಪ ದೊಡ್ಡದು' ಅಥವಾ ಅದಕ್ಕಿಂತ ಮೇಲು. ಇವುಗಳಲ್ಲಿ ಮೂರಾದರೂ ಕೂಡಬೇಕು. ಈ ಗುರುತುಗಳು ಶೈಲಿಯನ್ನು ಹೇಳುತ್ತವೆಯೇ ಹೊರತು ವಯಸ್ಸನ್ನಲ್ಲ. ಹೋದ ತಿಂಗಳು ಸೂರತ್‌ನಲ್ಲಿ ಹೀಗೆ ಕಟ್ ಮಾಡಿದ ಹರಳಿಗೂ ಅದೇ ಹೆಸರು ಬರಬಹುದು.

ಬೆಳಕಿನ ವಿಷಯದಲ್ಲಿ ಅಂಗಡಿಯನ್ನು ನಂಬಬೇಡಿ. ಗಾಜಿನ ಕೌಂಟರ್ ಮೇಲಿನ ಎಲ್‌ಇಡಿ ಸ್ಪಾಟ್‌ಲೈಟ್ ಕೆಳಗೆ ಯಾವ ಹರಳಾದರೂ ಮಿಂಚುತ್ತದೆ. ಶಹಾಪುರದ ಸರಾಫ್ ಗಲ್ಲಿಯಲ್ಲಿರಲಿ, ಖಡೇ ಬಜಾರ್‌ನಲ್ಲಿರಲಿ, ಬಾಗಿಲ ಹೊಸ್ತಿಲಿಗೆ ಬಂದು ಬಿಸಿಲು ನೇರ ಬೀಳದ ಕಡೆ ನೋಡಲು ಕೇಳಿ. ನೇರಾನೇರ ಮಾರುವವರು ಬೇಡ ಎನ್ನುವುದಿಲ್ಲ. ಬೆಳಗಾವಿಯ ಆಷಾಢದ ಮೋಡದ ಬೆಳಕು ಹಳೇ ಕಟ್ ಪರೀಕ್ಷಿಸಲು ಹೇಳಿ ಮಾಡಿಸಿದ್ದು. ಹೊಸ ಕಟ್‌ನ ಹೊಳಪು ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ, ಚಿಕ್ಕದು, ಚುರುಕು, ಎಲ್ಲ ಕಡೆ. ಹಳೆಯದು ಅಗಲ ಮುಖಗಳಿಂದ ಒಂದೊಂದೇ ದೊಡ್ಡ ಮಿಂಚು ಕೊಡುತ್ತದೆ, ಆ ಮಿಂಚಿನಲ್ಲಿ ಕೆಂಪು, ಹಸಿರು, ಕಿತ್ತಳೆ ಬೇರೆಬೇರೆಯಾಗಿ ಕಾಣುತ್ತವೆ. ಹರಳನ್ನು ತುಸುವೇ ವಾಲಿಸುತ್ತ ಹೋಗಿ. ಒಂದು ಎಸಳು ಆರಿದಾಗ ಪಕ್ಕದ್ದು ಹೊತ್ತಿಕೊಳ್ಳಬೇಕು. ಎಷ್ಟು ವಾಲಿಸಿದರೂ ಅರ್ಧ ಭಾಗ ಸತ್ತಂತಿದ್ದರೆ, ಇಲ್ಲವೇ ಟೇಬಲ್ ಅಂಚಿನಲ್ಲಿ ಬೂದುಬಣ್ಣದ ಉಂಗುರ ಕಂಡು ಮೀನಿನ ಕಣ್ಣಿನಂತಾದರೆ, ಎಷ್ಟೇ ಹಳೆಯದಿದ್ದರೂ ಬಿಡುವುದು ಲೇಸು. ಚುಕ್ಕೆ ಸ್ವಲ್ಪ ನಡು ಬಿಟ್ಟು ಸರಿದಿದೆ, ಎಸಳುಗಳು ಒಂದೇ ಸಮ ಇಲ್ಲ ಎಂಬ ಕಾರಣಕ್ಕೆ ಮಾತ್ರ ಬಿಡಬೇಡಿ. ಅದು ಕೈಯಿಂದ ಆದ ಕೆಲಸದ ಗುರುತು, ಮತ್ತು ಎರಡು ಹರಳು ಎಂದೂ ಒಂದೇ ಥರ ಇರದಿರಲು ಅದೇ ಕಾರಣ.

ಬಣ್ಣಕ್ಕೂ ಇದೇ ಮಾತು. ಹಳೇ ಹರಳುಗಳಲ್ಲಿ ಜೆ, ಕೆ, ಎಲ್ ದರ್ಜೆಯ ನಸುಹಳದಿ ಸಾಮಾನ್ಯ. ಬಿಳಿ ಕಾಗದದ ಮಡಿಕೆಯಲ್ಲಿ ತಲೆಕೆಳಗಾಗಿಟ್ಟು ಪಕ್ಕದಿಂದ ನೋಡಿದರೆ ಹಳದಿ ಬಯಲಾಗುತ್ತದೆ. ಹಳದಿ ಚಿನ್ನದಲ್ಲಿ ಕೂರಿಸಿದ ಮೇಲೆ ಆ ಬಣ್ಣ ಬೆಚ್ಚಗೆ ಕಾಣುತ್ತದೆ, ಬಿಳಿ ಚಿನ್ನದಲ್ಲಿ ಎದ್ದು ಕಾಣುತ್ತದೆ. ಉಂಗುರಕ್ಕೆ ಹಳದಿ ಚಿನ್ನವೇ ಎಂದು ಮೊದಲೇ ನಿಶ್ಚಯವಾಗಿದ್ದರೆ ಬಣ್ಣವೇ ಇಲ್ಲದ ಡಿ, ಇ ದರ್ಜೆಯ ಹಿಂದೆ ಹೋಗಿ ಹಣ ಸುರಿಯಬೇಕಿಲ್ಲ. ಕಂದು ಛಾಯೆ ಬೇರೆ, ಅದು ಹರಳನ್ನು ಮಂಕಾಗಿಸುತ್ತದೆ.

ತೂಕ ಮತ್ತು ಗಾತ್ರದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ನೂರು ಸೆಂಟ್. ಹೊಸ ದುಂಡು ಕಟ್‌ನಲ್ಲಿ ಒಂದು ಕ್ಯಾರೆಟ್ ಹರಳಿನ ವ್ಯಾಸ ಸುಮಾರು 6.5 ಮಿಲಿಮೀಟರ್. ಆಳವಾದ ಓಲ್ಡ್ ಮೈನ್‌ನಲ್ಲಿ ಅದೇ ತೂಕಕ್ಕೆ 5.8 ಉದ್ದ, 5.5 ಅಗಲ, 3.85 ಆಳ ಇರಬಹುದು. ಮುಖನೋಟಕ್ಕೆ ಚಿಕ್ಕದು. ಆದ್ದರಿಂದ ಕ್ಯಾರೆಟ್ ಕೇಳಿ ಸುಮ್ಮನಾಗದೆ ಮಿಲಿಮೀಟರ್ ಕೇಳಬೇಕು. ಉಂಗುರದಲ್ಲಿ ಕೂತಿರುವ ದುಂಡು ಹರಳಿನ ತೂಕ ಅಂದಾಜಿಸಲು ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 0.0061ರಿಂದ ಗುಣಿಸಿದರೆ ಸಾಕು: 6.3 ವ್ಯಾಸ, 4.1 ಆಳಕ್ಕೆ ಹತ್ತಿರ ಹತ್ತಿರ 0.99 ಕ್ಯಾರೆಟ್.

ಇದೇ ಲೆಕ್ಕ ಇನ್ನೊಂದು ಅಪಾಯವನ್ನೂ ತೋರಿಸುತ್ತದೆ. "ರೀಕಟ್ ಮಾಡಿಸ್ರಿ, ಹೊಸದರಂಗ ಹೊಳಿತೈತಿ" ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಮೇಲೆ ಹೇಳಿದ ಒಂದು ಕ್ಯಾರೆಟ್ ಓಲ್ಡ್ ಮೈನ್ ಹರಳನ್ನು ದುಂಡು ಮಾಡಿದರೆ ವ್ಯಾಸ ಅದರ ಅಗಲವಾದ 5.5 ಮಿಲಿಮೀಟರ್ ದಾಟಲಾರದು, ಆ ಅಳತೆಯ ಹೊಸ ಕಟ್ ಹರಳು ತೂಗುವುದು ಸುಮಾರು 62 ಸೆಂಟ್. ಮೂರನೇ ಒಂದು ಭಾಗಕ್ಕೂ ಹೆಚ್ಚು ವಜ್ರ ಪುಡಿಯಾಗಿ ಹೋಯಿತು, ನೂರು ವರ್ಷದ ಕೈಕೆಲಸವೂ ಹೋಯಿತು, ಉಳಿದದ್ದು ಯಾವ ಅಂಗಡಿಯಲ್ಲಾದರೂ ಸಿಗುವಂಥ ಹರಳು. ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಒಡೆದ ಅಂಚು ಸರಿಪಡಿಸಲು ಅಷ್ಟು ಭಾಗವನ್ನು ಮಾತ್ರ ತಿದ್ದುವುದು ಬೇರೆ ಮಾತು, ಅದಕ್ಕೆ ಹೋಗುವುದು ಕೆಲವೇ ಸೆಂಟ್.

ಪೆಟ್ಟು ಎಲ್ಲಿ ಹುಡುಕಬೇಕು? ಗರ್ಡಲ್‌ನಲ್ಲಿ. ಕೆಲವು ಹಳೇ ಹರಳಿನ ಸೊಂಟ ಚಾಕುವಿನ ಅಲಗಿನಷ್ಟು ತೆಳು. ವಜ್ರ ಎಷ್ಟೇ ಗಟ್ಟಿಯಾದರೂ ನಾಲ್ಕು ದಿಕ್ಕಿನಲ್ಲಿ ಸೀಳುವ ಗುಣ ಉಳ್ಳದ್ದು, ತೆಳು ಅಂಚಿಗೆ ಬಿದ್ದ ಏಟು ಚಕ್ಕೆ ಎಬ್ಬಿಸುತ್ತದೆ. ಹರಳು ಹಿಡಿಯುವ ಕೊಕ್ಕೆಯ, ಅಂದರೆ ಪ್ರಾಂಗ್‌ನ, ಕೆಳಗೆ ಮರೆಯಾಗಿರುವ ಚಕ್ಕೆ ಹರಳು ಬಿಚ್ಚುವವರೆಗೆ ಕಾಣುವುದೇ ಇಲ್ಲ. ಅದಕ್ಕೇ ದೊಡ್ಡ ಹರಳನ್ನು ಬಿಚ್ಚಿ ನೋಡದೆ ಪೂರ್ತಿ ಹಣ ಕೊಡಬಾರದು. ಕ್ಯೂಲೆಟ್ ಅಂಚು ಜಜ್ಜಿ ಬೆಳ್ಳಗಾಗಿದೆಯೇ ನೋಡಿ. ಹಿರಿಯರು 'ಕಾಕಪಾದ' ಎಂದು ಹೆದರುವ ಕಾಗೆಗಾಲಿನಂಥ ಬಿರುಕನ್ನು ಶಕುನಕ್ಕಾಗಿ ಅಲ್ಲದಿದ್ದರೂ ಗಟ್ಟಿತನಕ್ಕಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಿರುಕು ಒಳಗೇ ಇದ್ದರೆ ಚಿಂತೆಯಿಲ್ಲ, ಗರ್ಡಲ್ ಮುಟ್ಟಿ ಮೇಲ್ಮೈಗೆ ಬಂದಿದ್ದರೆ ಆ ಹರಳು ದಿನನಿತ್ಯದ ಉಂಗುರಕ್ಕಲ್ಲ, ಕಿವಿಯೋಲೆಗೆ ಅಥವಾ ಪದಕಕ್ಕೆ.

ನಕಲಿಯ ವಿಷಯ. ಹಳೇ ಗಾಜಿನ ಹರಳುಗಳ ಅಂಚು ಸವೆದು ಮೊಂಡಾಗಿರುತ್ತದೆ. ವಜ್ರದಲ್ಲಿ ಮುಖಗಳು ಕೂಡುವ ಗೆರೆ ಶತಮಾನ ಕಳೆದರೂ ಚೂಪು. ಅಮೆರಿಕನ್ ಡೈಮಂಡ್ ಅಂದರೆ ಕ್ಯೂಬಿಕ್ ಜಿರ್ಕೋನಿಯಾ ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಮೊಯ್ಸನೈಟ್ ಅಪಾಯಕಾರಿ: ಅಂಗಡಿಯ ಪೆನ್ನಿನಂಥ ಟೆಸ್ಟರ್ ಶಾಖ ಹರಿಯುವುದನ್ನು ಅಳೆಯುತ್ತದೆ, ಅದರಲ್ಲಿ ಮೊಯ್ಸನೈಟ್ ಕೂಡ ವಜ್ರವೆಂದೇ ಪೀಂಗುಟ್ಟುತ್ತದೆ. ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಹಿಂಬದಿಯ ಗೆರೆಗಳು ಜೋಡಿಯಾಗಿ ಕಾಣುತ್ತವೆ. ವಜ್ರದಲ್ಲಿ ಹಾಗೆ ಆಗುವುದಿಲ್ಲ. ಪೇಪರಿನ ಅಕ್ಷರದ ಮೇಲೆ ಇಟ್ಟು ಅಕ್ಷರ ಕಂಡರೆ ಗಾಜು ಎಂಬ ಮನೆಪರೀಕ್ಷೆಯನ್ನು ರೋಸ್ ಕಟ್‌ಗೆ ಮಾಡಬೇಡಿ. ತಳ ಚಪ್ಪಟೆಯಾದ್ದರಿಂದ ಅಪ್ಪಟ ವಜ್ರದಲ್ಲೂ ಅಕ್ಷರ ಕಾಣುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವನ್ನಂತೂ ಲೂಪ್‌ನಿಂದ ಗುರುತಿಸಲು ಆಗುವುದಿಲ್ಲ, ಅದೂ ವಜ್ರವೇ. ಹಳೇ ಕಟ್‌ನಲ್ಲೂ ಈಗ ಅದು ಸಿಗುತ್ತದೆ. ಅರ್ಧ ಕ್ಯಾರೆಟ್ ಮೀರಿದ ಬಿಡಿ ಹರಳಿಗೆ ಮುಂಬಯಿಯ ಜಿಐಎ ಅಥವಾ ಐಜಿಐ ವರದಿ ತರಿಸುವ ಖರ್ಚು ವ್ಯರ್ಥವಲ್ಲ. ವರದಿಯಲ್ಲಿ ಕಟ್ ದರ್ಜೆಯ ಜಾಗ ಖಾಲಿ ಇದ್ದರೆ ಗಾಬರಿ ಬೇಡ. ಜಿಐಎ ಕಟ್ ದರ್ಜೆ ಕೊಡುವುದು ಈಗಿನ ದುಂಡು ಬ್ರಿಲಿಯಂಟ್‌ಗೆ, ಹಳೇ ಕಟ್‌ಗಳಿಗಲ್ಲ.

ಉಂಗುರ ಮಾಡಿಸುವಾಗ ಮಾಪು ಬಹಳ ಮುಖ್ಯ. 5.5 ಮಿಲಿಮೀಟರ್‌ಗೆಂದು ಬರುವ ರೆಡಿಮೇಡ್ ಕೂರು (ಹರಳು ಕೂರಿಸುವ ಗೂಡು) 3.4 ಮಿಲಿಮೀಟರ್ ಆಳದ ಹೊಸ ಹರಳಿಗೆ ಮಾಡಿದ್ದು. ಅದರಲ್ಲಿ 3.85 ಆಳದ ಹಳೇ ಹರಳು ಕೂರಿಸಿದರೆ ತುದಿ ಬೆರಳಿಗೆ ತಾಗುತ್ತದೆ, ತಾಗಿ ತಾಗಿ ಜಜ್ಜುತ್ತದೆ. ಪತ್ತಾರರಿಗೆ ಮೂರೂ ಅಳತೆ ಬರೆದುಕೊಟ್ಟು, ಕ್ಯೂಲೆಟ್ ಕೆಳಗೆ ಅರ್ಧ ಮಿಲಿಮೀಟರಾದರೂ ಖಾಲಿ ಇರುವಂತೆ ಎತ್ತರಿಸಲು ಹೇಳಿ. ಗರ್ಡಲ್ ತೆಳುವಾಗಿದ್ದರೆ ಪ್ರಾಂಗ್ ಬೇಡ. ಸುತ್ತ ಚಿನ್ನದ ಅಂಚು ಮಡಚಿ ಹಿಡಿಯುವ ಬೆಜೆಲ್ ಇರಲಿ, ಬೆನ್ನು ತೆರೆದಿರಲಿ. ಪ್ರಾಂಗೇ ಬೇಕೆಂದರೆ ದಿಂಬಿನಾಕಾರದ ನಾಲ್ಕು ಮೂಲೆಗೂ ಒಂದೊಂದು ಬರಬೇಕು, ಹರಳಿನ ಏರಿಳಿತದ ಸೊಂಟಕ್ಕೆ ತಕ್ಕಂತೆ ಪ್ರತಿಯೊಂದರ ಒಳಗಿನ ಕಚ್ಚು ಬೇರೆಬೇರೆ ಕೊರೆಯಬೇಕು. ಒಂದೇ ಅಳತೆಯ ಕಚ್ಚು ಕೊರೆದು ಬಲವಂತವಾಗಿ ಒತ್ತುವಾಗಲೇ ಹಳೇ ಹರಳು ಒಡೆಯುವುದು. ಚಿನ್ನ 22 ಕ್ಯಾರೆಟ್‌ಗಿಂತ 18 ಕ್ಯಾರೆಟ್ ಒಳ್ಳೆಯದು, ಹಿಡಿತ ಸಡಿಲುವುದು ನಿಧಾನ.

ಬೆಸುಗೆ ಮಾಡುವಾಗ, ಮುಂದೆ ಅಳತೆ ಹೆಚ್ಚುಕಡಿಮೆ ಮಾಡಿಸುವಾಗ ಕೂಡ, ಹರಳು ಬಿಚ್ಚಿಟ್ಟೇ ಉರಿ ಹಚ್ಚಬೇಕು. ಗ್ಯಾಸ್ ಉರಿಯ ಶಾಖಕ್ಕೆ ವಜ್ರದ ಮೈ ಸುಟ್ಟು ಹಾಲುಬಿಳುಪಾಗುತ್ತದೆ, ಅದನ್ನು ತೊಳೆದು ತೆಗೆಯಲಾಗದು, ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು. ಹಳೇ ಒಡವೆ ಕರಗಿಸಲು ಕೊಡುವಾಗ ಒಳಗೆ ತುಂಬಿದ ಅರಗು ತೆಗೆದ ಮೇಲಿನ ಚಿನ್ನದ ತೂಕವನ್ನು ಕಣ್ಣೆದುರೇ ತೂಗಿಸಿ.

ಹರಳು ಪತ್ತಾರರ ಕೈಗೆ ಕೊಡುವ ಮುಂಚೆ ಬಿಡಿ ಹರಳಿನ ತೂಕ ಸೆಂಟ್‌ನಲ್ಲಿ, ಮೂರು ಅಳತೆ ಮಿಲಿಮೀಟರ್‌ನಲ್ಲಿ, ಒಳಗಿನ ಒಂದೆರಡು ಕಲೆಗಳ ಜಾಗ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಮೊಬೈಲ್ ಕ್ಯಾಮೆರಾವನ್ನು ಲೂಪ್‌ಗೆ ಒತ್ತಿ ಹಿಡಿದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಸ್ಪಷ್ಟವಾಗಿ ಬರುತ್ತದೆ. ಹಳೇ ಕಟ್‌ನಲ್ಲಿ ಕ್ಯೂಲೆಟ್ ಯಾವ ಕಡೆ ಸರಿದಿದೆ, ಯಾವ ಎಸಳು ಅಗಲ ಎಂಬುದು ಪ್ರತಿ ಹರಳಿಗೂ ಬೇರೆ, ಹಾಗಾಗಿ ಉಂಗುರ ತಯಾರಾದ ಮೇಲೆ ಫೋಟೋ ಪಕ್ಕ ಇಟ್ಟು ನೋಡಿದರೆ ಅದೇ ಹರಳೋ ಅಲ್ಲವೋ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಅಂಗಡಿಯಿಂದ ಕೊಳ್ಳುವುದಾದರೆ ಬಿಲ್‌ನಲ್ಲಿ ಬರೀ 'ಡೈಮಂಡ್ ರಿಂಗ್' ಎಂದು ಒಪ್ಪಬೇಡಿ. ನೈಸರ್ಗಿಕ ವಜ್ರ, ಕಟ್‌ನ ಹೆಸರು, ಕ್ಯಾರೆಟ್ ತೂಕ, ವರದಿಯ ಸಂಖ್ಯೆ, ಚಿನ್ನದ ನಿವ್ವಳ ತೂಕ, 18ಕೆ750 ಮುದ್ರೆ, ಆರು ಅಕ್ಷರದ ಎಚ್‌ಯುಐಡಿ ಎಂಬ ಹಾಲ್‌ಮಾರ್ಕ್ ಗುರುತು, ಇಷ್ಟೂ ಅದೇ ಕಾಗದದಲ್ಲಿ ಇರಬೇಕು.